ಅಣ್ಣ ತಲೆಗೆ ಕಟ್ಟಿದ ಫೋನು

ಮೊನ್ನೆ ಗಂಗಾನಗರದ ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ಪಕ್ಕದ ಹಿರಿಯರೊಬ್ಬರು ಹೊತ್ತು ನೋಡಲು ಜೇಬಿನಿಂದ ಫೋನು ತೆಗೆದರು. ತೆರೆಯ ತುಂಬ ನೀಲಿ ಬಣ್ಣದ ಚೌಕಗಳು, ಅದರಲ್ಲಿ ಒಂದೆರಡು ತಮ್ಮಷ್ಟಕ್ಕೆ ತಾವೇ ಮಗುಚಿಕೊಳ್ಳುತ್ತಿದ್ದವು. ನನಗೆ ಮೈಯೆಲ್ಲ ಉರಿದುಹೋಯಿತು. ನಾಲ್ಕು ವರ್ಷವಾಗಿದೆ, ಮಾಡಿದವರೇ ಆ ಫೋನನ್ನು ಕೈಬಿಟ್ಟಾಗಿದೆ, ಆದರೂ ಅದನ್ನು ಕಂಡರೆ ಕಿತ್ತುಕೊಂಡು ಚರಂಡಿಗೆ ಎಸೆಯುವಷ್ಟು ಸಿಟ್ಟು ಬರುತ್ತದೆ. ಅವರು ಪಾಪ, ಹೊತ್ತು ನೋಡಿ ಒಳಗಿಟ್ಟುಕೊಂಡರು. ನಾನು ಮಾತ್ರ ಬಸ್ಸು ಬರುವವರೆಗೂ ಹಲ್ಲು ಕಡಿಯುತ್ತ ನಿಂತಿದ್ದೆ.

ಅದು ಎರಡು ಸಾವಿರದ ಹದಿನೈದು. ಆಗ ನಾನು ಯಶವಂತಪುರದ ಕಡೆಯ ಒಂದು ಖಾಸಗಿ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಲ್ಯಾಬಿನ ಒಳಗಲ್ಲ, ಹೊರಗೆ. ಮನೆ ಮನೆಗೆ ಹೋಗಿ ರಕ್ತ ತೆಗೆದು, ಐಸ್ ಡಬ್ಬಿಯಲ್ಲಿಟ್ಟು, ಹತ್ತು ಗಂಟೆಯೊಳಗೆ ತಂದು ಒಪ್ಪಿಸುವುದು. ಬೆಳಗ್ಗೆ ಐದೂವರೆಗೆ ಮತ್ತಿಕೆರೆಯ ಮನೆಯಿಂದ ಸ್ಕೂಟರ್ ಹೊರಡಿಸಿದರೆ ಹೆಬ್ಬಾಳದ ಫ್ಲೈಓವರ್ ತುಂಬುವ ಮುಂಚೆ ಆ ಕಡೆ ದಾಟಿಬಿಡುತ್ತಿದ್ದೆ. ಅಮೃತಹಳ್ಳಿ, ಸಹಕಾರನಗರ, ವಾಪಸ್ ಬರುತ್ತ ಗಂಗಾನಗರ. ಹೆಚ್ಚಿನವರೆಲ್ಲ ಸಕ್ಕರೆ ಕಾಯಿಲೆಯವರು, ಖಾಲಿ ಹೊಟ್ಟೆಯಲ್ಲಿ ನನ್ನ ದಾರಿ ಕಾಯುತ್ತ ಕೂತವರು. ಹಸಿದವರ ಸಿಟ್ಟು ಎಂಥದ್ದೆಂದು ಆ ಕೆಲಸ ಮಾಡಿದವರಿಗೇ ಗೊತ್ತು. ಆದರೂ ಒಂದೇ ಸಲಕ್ಕೆ ಚುಚ್ಚಿ ನರ ಹಿಡಿಯುವ ಪದ್ಮಾ ಎಂದು ಆ ಬೀದಿಗಳಲ್ಲಿ ನನಗೊಂದು ಹೆಸರಿತ್ತು. ಬೇರೆ ಯಾರನ್ನಾದರೂ ಕಳಿಸಿದರೆ ಜನ ಲ್ಯಾಬಿಗೆ ಫೋನು ಮಾಡಿ ಜಗಳವಾಡುತ್ತಿದ್ದರು. ಹೇಳಿಕೊಳ್ಳುವುದಕ್ಕೆ ನನಗಿದ್ದದ್ದು ಆ ಹೆಸರೊಂದೇ, ಆ ವರ್ಷ ಕಳೆದುಕೊಂಡದ್ದೂ ಅದನ್ನೇ.

ಅವರಲ್ಲೆಲ್ಲ ನನಗೆ ಹತ್ತಿರದವರು ಗಂಗಾನಗರದ ಮೇಷ್ಟ್ರು. ಶಾಲೆಯಲ್ಲಿ ಡ್ರಿಲ್ ಹೇಳಿಕೊಟ್ಟು ನಿವೃತ್ತರಾದವರು, ಹೆಂಡತಿ, ಮಗ, ಸೊಸೆಯ ಜೊತೆಗಿದ್ದರು. ತಿಂಗಳ ಮೊದಲ ಬುಧವಾರ ಅವರದು, ಅವತ್ತು ಹೋಗುವಾಗಲೇ ಮೊದಲ ಮನೆ ಅವರ ಮನೆ. ಆರಕ್ಕೆ ನಾನು ಗೇಟು ತೆಗೆಯುವಷ್ಟರಲ್ಲಿ ಜಗಲಿಯ ಕುರ್ಚಿಯಲ್ಲಿ ಎಡಗೈ ತೋಳು ಮಡಿಸಿಕೊಂಡು ನೆಟ್ಟಗೆ ಕೂತಿರುತ್ತಿದ್ದರು. ಐದು ನಿಮಿಷ ತಡವಾದರೆ ಮಾತಾಡುತ್ತಿರಲಿಲ್ಲ, ಗೋಡೆ ಗಡಿಯಾರ ನೋಡುತ್ತಿದ್ದರು. ರಕ್ತ ತೆಗೆದಾದ ಮೇಲೆ ಮಾತ್ರ ನನ್ನ ಸ್ಕೂಟರಿನ ಬ್ರೇಕಿನಿಂದ ಹಿಡಿದು ನನ್ನ ಬೆನ್ನು ನೋವಿನವರೆಗೆ ಎಲ್ಲ ವಿಚಾರಿಸುತ್ತಿದ್ದರು.

ಇನ್ನು ಫೋನಿನ ವಿಷಯ. ನನ್ನ ಅಣ್ಣ ಶ್ರೀಕಂಠ ಆರ್.ಟಿ. ನಗರದ ಒಂದು ಮೊಬೈಲ್ ಅಂಗಡಿಯಲ್ಲಿ ಇನ್‌ಚಾರ್ಜ್ ಆಗಿದ್ದ. ಅಪ್ಪ ಹೋದ ಮೇಲೆ ನನ್ನನ್ನು ಲ್ಯಾಬ್ ಕೋರ್ಸಿಗೆ ಸೇರಿಸಿದವನು ಅವನು, ನನ್ನದೂ ತಂಗಿ ಲತಾಳದೂ ಮದುವೆ ಮಾಡಿಕೊಟ್ಟವನೂ ಅವನೇ. ಅವನ ಮಾತು ಮೀರುವ ಅಭ್ಯಾಸ ನಮ್ಮ ಬಳಗದಲ್ಲಿ ಯಾರಿಗೂ ಇರಲಿಲ್ಲ. ಆ ವರ್ಷದ ಗೌರಿ ಹಬ್ಬಕ್ಕೆ ತವರಿನ ಬಾಗಿನ ತಂದ. ಮೊರದಲ್ಲಿ ಬಳೆ, ಬಿಚ್ಚೋಲೆ, ರವಿಕೆ ಕಣ, ತೆಂಗಿನಕಾಯಿ, ಅವುಗಳ ಮೇಲೊಂದು ಫೋನಿನ ಡಬ್ಬಿ. ಲತಾಳಿಗೂ ಅದೇ. ಬಾಗಿನದಲ್ಲಿ ಬಂದದ್ದನ್ನು ಬೇಡವೆನ್ನುವ ಹಾಗಿಲ್ಲ, ಮಾರುವ ಹಾಗಂತೂ ಇಲ್ಲವೇ ಇಲ್ಲ. ಅರಿಸಿನ ಕುಂಕುಮ ಹಚ್ಚಿ ಕಣ್ಣಿಗೊತ್ತಿಕೊಂಡು ತೆಗೆದುಕೊಂಡೆ. ಹಬ್ಬ ಕಳೆದು ಹದಿನೈದು ದಿನದೊಳಗೆ ಯಲಹಂಕದ ಚಿಕ್ಕಪ್ಪ, ಅವರ ಇಬ್ಬರು ಮಕ್ಕಳು, ಅತ್ತಿಗೆಯ ತಮ್ಮ, ಹೀಗೆ ನಮ್ಮವರೆಲ್ಲ ಅಣ್ಣನ ಅಂಗಡಿಗೆ ಹೋಗಿ ಅದೇ ಫೋನು ತಂದಿದ್ದರು.

ಫೋನು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಕೈಯಿಂದ ಜಾರಿ ಮೂರು ಸಲ ಟಾರು ರಸ್ತೆಗೆ ಬಿತ್ತು, ಒಂದು ಗೀರೂ ಆಗಲಿಲ್ಲ. ಎರಡು ದಿನ ಚಾರ್ಜ್ ಹಾಕದಿದ್ದರೂ ನಡೆಯುತ್ತಿತ್ತು. ಕೆಟ್ಟುಹೋಗಿದ್ದರೆ ಬಿಸಾಡಬಹುದಿತ್ತು, ಹಾಳಾದ್ದು ಕೆಡಲೂ ಇಲ್ಲ. ಆಂಡ್ರಾಯ್ಡ್ ಅಲ್ಲದ ಆ ನೀಲಿ ಚೌಕಗಳ ಫೋನಿನಲ್ಲಿ ಇಲ್ಲದ್ದು ಆ್ಯಪು. ಎಲ್ಲರ ಫೋನಿನಲ್ಲೂ ಬರುವ ಯಾವುದೂ ಅದರಲ್ಲಿ ಬರುತ್ತಿರಲಿಲ್ಲ. ಲತಾಳ ಮಗಳ ಶಾಲೆಯವರು ಹೋಮ್‌ವರ್ಕನ್ನೆಲ್ಲ ಆ್ಯಪಿನಲ್ಲಿ ಹಾಕತೊಡಗಿದರು, ಇವಳು ದಿನಾ ಸಂಜೆ ಪಕ್ಕದ ಮನೆಯವರ ಬಾಗಿಲು ತಟ್ಟಬೇಕಾಯಿತು. ಚಿಕ್ಕಪ್ಪ ತಮ್ಮ ಬ್ಯಾಂಕಿನ ಆ್ಯಪು ಹುಡುಕಿದರೆ ಅದೇ ಬಣ್ಣದ ಚಿತ್ರ ಹಾಕಿಕೊಂಡ ಯಾವುದೋ ನಕಲಿ ಬರುತ್ತಿತ್ತು. ನಾನು ಏನು ಹುಡುಕಿದರೂ ಒಂದು ಟಾರ್ಚು, ಒಂದು ರಾಶಿಫಲ, ನಾಲ್ಕು ಗುಂಡು ಹೊಡೆಯುವ ಆಟ. ಇಷ್ಟಾದರೂ ಒಬ್ಬರೂ ಅಣ್ಣನ ಎದುರು ಬಾಯಿ ಬಿಡಲಿಲ್ಲ. ಭಾನುವಾರ ಅವನು ಮನೆಗೆ ಬಂದಾಗ ಎಲ್ಲರೂ ಆ ಫೋನನ್ನು ಟೀಪಾಯಿ ಮೇಲೆ ಕಾಣುವ ಹಾಗೆ ಇಟ್ಟುಕೊಂಡು ಕೂರುತ್ತಿದ್ದೆವು. ನಮ್ಮಂಥ ಮಂಗಗಳು ಬೇರೆಲ್ಲಾದರೂ ಸಿಗುವುದು ಕಷ್ಟ.

ದಸರಾ ಕಳೆಯುತ್ತಲೇ ಲ್ಯಾಬಿನಲ್ಲೂ ಆ್ಯಪು ಬಂತು. ಅದುವರೆಗೆ ಮಾರನೆಯ ದಿನದ ಮನೆಗಳ ಪಟ್ಟಿಯನ್ನು ಚೀಟಿಯಲ್ಲಿ ಬರೆದುಕೊಡುತ್ತಿದ್ದರು. ಇನ್ನು ಮೇಲೆ ಚೀಟಿಯಿಲ್ಲ, ರೋಗಿಯ ಕಡೆಯವರು ಆ್ಯಪಿನಲ್ಲೇ ಹೊತ್ತು ಗೊತ್ತುಮಾಡುತ್ತಾರೆ, ಅದು ನಿಮ್ಮ ಫೋನಿನಲ್ಲಿ ರಿಂಗಾಗುತ್ತದೆ, ಹಸಿರು ಬಟನ್ ಒತ್ತಿ ಒಪ್ಪಿಕೊಳ್ಳಬೇಕು ಎಂದು ಸೂಪರ್‌ವೈಸರ್ ಹೇಳಿದ. ಮನೆ ತಲುಪಿದಾಗ ಒಮ್ಮೆ, ರಕ್ತ ತೆಗೆದ ಮೇಲೆ ಒಮ್ಮೆ ಮತ್ತೆ ಹಸಿರು ಒತ್ತಬೇಕು. ಒಬ್ಬೊಬ್ಬರ ಫೋನನ್ನೂ ತೆಗೆದುಕೊಂಡು ಹಾಕಿಕೊಡುತ್ತ ಬಂದವನು ನನ್ನದನ್ನು ನೋಡಿ ನಕ್ಕ. ನನಗಿಂತ ಹತ್ತು ವರ್ಷ ಚಿಕ್ಕವನು. ಎಲ್ಲರೆದುರು ಆ ಫೋನನ್ನು ಎತ್ತಿ ತೋರಿಸಿ, ಮ್ಯೂಸಿಯಮ್ಮಿನಿಂದ ತಂದಿರಾ ಮೇಡಂ ಎಂದು ಕೇಳಿದ. ಹದಿನೈದು ದಿನದೊಳಗೆ ಆಂಡ್ರಾಯ್ಡ್ ತನ್ನಿ, ಇಲ್ಲದಿದ್ದರೆ ನಿಮ್ಮ ಏರಿಯಾ ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದೂ ಹೇಳಿದ.

ಅವತ್ತು ಸಂಜೆಯೇ ಅಣ್ಣನಿಗೆ ಕರೆ ಮಾಡಿ ವಿಷಯ ಹೇಳಿದೆ. "ಬರುತ್ತೆ ಕಣೇ, ಮುಂದಿನ ಅಪ್‌ಡೇಟಲ್ಲಿ ಎಲ್ಲಾ ಬರುತ್ತೆ. ಅವಸರ ಯಾಕೆ," ಅಂದ. ಮುಂದಿನ ವಾರ ಕೇಳಿದೆ, ಬರುತ್ತೆ ಅಂದ. ದೀಪಾವಳಿಗೆ ಕೇಳಿದೆ, ಆಗಲೂ ಅದೇ. ನೀವು ಬೇರೊಂದು ಫೋನು ಕೊಂಡುಕೊಳ್ಳಬಹುದಿತ್ತಲ್ಲ ಎಂದು ಈಗ ಯಾರಾದರೂ ಕೇಳಿದರೆ ಅವರಿಗೆ ತಿಳಿಸಿ ಹೇಳುವುದು ಕಷ್ಟ. ಅಣ್ಣ ಬಾಗಿನದಲ್ಲಿ ಕೊಟ್ಟದ್ದನ್ನು ಮೂಲೆಗಿಟ್ಟು ಮೂರನೇ ತಿಂಗಳಿಗೆ ಇನ್ನೊಂದು ಕೊಂಡರೆ ಅದು ಅವನ ಮುಖಕ್ಕೆ ಹೊಡೆದ ಹಾಗೆ. ನನ್ನ ಗಂಡ ಸ್ಕೂಲ್ ವ್ಯಾನ್ ಓಡಿಸುವವರು, ಅವರೂ ಭಾವನಿಗೆ ಬೇಜಾರಾಗುವುದು ಬೇಡ ಅಂದರು. ಎಲ್ಲರ ಬೇಜಾರಿನ ಚಿಂತೆಯೂ ಎಲ್ಲರಿಗಿತ್ತು, ನನ್ನ ಕೆಲಸದ್ದೊಂದನ್ನು ಬಿಟ್ಟು.

ದಾರಿ ತೋರಿಸಿದವಳು ಶಬಾನಾ. ಲ್ಯಾಬಿನಲ್ಲಿ ನನ್ನ ಜೊತೆಯವಳು, ಆರ್.ಟಿ. ನಗರದಲ್ಲಿ ತಾಯಿಯ ಜೊತೆಗಿದ್ದಳು, ಅವಳದು ಬೇರೆ ಏರಿಯಾ. ಮನೆಯಲ್ಲಿ ಅವಳ ತಮ್ಮ ಬಿಟ್ಟುಹೋದ ಹಳೆಯ ಆಂಡ್ರಾಯ್ಡ್ ಒಂದಿತ್ತು. ಬ್ಯಾಟರಿ ಸತ್ತಿತ್ತು, ಚಾರ್ಜರಿಗೆ ಸಿಕ್ಕಿಸಿಟ್ಟರೆ ಮಾತ್ರ ಬದುಕುತ್ತಿತ್ತು, ಆದ್ದರಿಂದ ಹೊರಗೆ ಒಯ್ಯುವ ಹಾಗಿರಲಿಲ್ಲ. ಅದರಲ್ಲಿ ನನ್ನ ಹೆಸರಿನ ಆ್ಯಪು ಹಾಕಿ ಅವರ ಅಡುಗೆಮನೆಯ ಸ್ವಿಚ್ಚಿನ ಪಕ್ಕ ಇಟ್ಟೆವು. ಅಮ್ಮಿಗೆ, ಅಂದರೆ ಶಬಾನಾಳ ತಾಯಿಗೆ, ಓದು ಬರುತ್ತಿರಲಿಲ್ಲ. ರಿಂಗಾದರೆ ಹಸಿರು ಒತ್ತುವುದು ಅವರ ಕೆಲಸ. ಮಧ್ಯಾಹ್ನ ಊಟಕ್ಕೆ ಹೋದಾಗ ಒಮ್ಮೆ, ಸಂಜೆ ಒಮ್ಮೆ ಶಬಾನಾ ನೋಡಿ ನನಗೆ ಪಟ್ಟಿ ಓದಿ ಹೇಳುತ್ತಿದ್ದಳು. ಬೆಳಗ್ಗೆ ನಾನು ಒಂದೊಂದು ಮನೆ ತಲುಪಿದಾಗಲೂ ಅಮ್ಮಿಯ ಸಾದಾ ಫೋನಿಗೆ ಒಂದು ಮಿಸ್ಡ್ ಕಾಲ್, ಅವರು ಹಸಿರು ಒತ್ತಬೇಕು. ರಕ್ತ ತೆಗೆದ ಮೇಲೆ ಇನ್ನೊಂದು ಮಿಸ್ಡ್ ಕಾಲ್, ಮತ್ತೊಮ್ಮೆ ಹಸಿರು. ನಾವು ಎಲ್ಲಿದ್ದೇವೆಂದು ನೋಡುವ ಬುದ್ಧಿ ಆ ಆ್ಯಪಿಗೆ ಆಗಿನ್ನೂ ಬಂದಿರಲಿಲ್ಲ. ನಾನು ಹೊಸ ಫೋನು ತೆಗೆದುಕೊಂಡೆನೆಂದೇ ಸೂಪರ್‌ವೈಸರ್ ತಿಳಿದುಕೊಂಡ.

ಆ ವರ್ಷ ನವೆಂಬರ್ ಇಡೀ ಮಳೆ. ಹೆಬ್ಬಾಳದ ಕೆಳಗೆ ನೀರು ನಿಂತು ಸ್ಕೂಟರ್ ಎರಡು ಸಲ ಕೈಕೊಟ್ಟಿತು. ಬೀದಿಬೀದಿಯಲ್ಲಿ ಡೆಂಗ್ಯೂ, ಪ್ಲೇಟ್‌ಲೆಟ್ ನೋಡುವುದಕ್ಕೇ ದಿನಾ ನಾಲ್ಕೈದು ಮನೆ ಹೆಚ್ಚಾದವು. ರೇನ್‌ಕೋಟಿನೊಳಗೆ ಆ ಫೋನು ತೆಗೆದು ಅಮ್ಮಿಗೆ ಮಿಸ್ಡ್ ಕಾಲ್ ಕೊಡುವಾಗಲೆಲ್ಲ ಅಣ್ಣನನ್ನು ಮನಸ್ಸಿನಲ್ಲೇ ಬಾಯಿಗೆ ಬಂದ ಹಾಗೆ ಬೈದುಕೊಳ್ಳುತ್ತಿದ್ದೆ. ಅಮ್ಮಿ ಮಾತ್ರ ಬಹಳ ಶ್ರದ್ಧೆಯಿಂದ ಮಾಡುತ್ತಿದ್ದರು. ನಮಾಜಿಗೆ ಎದ್ದವರು ಮತ್ತೆ ಮಲಗದೆ, ಚಾಪೆ ಹಾಸಿಕೊಂಡು ಆ ಫೋನಿನೆದುರೇ ಕೂರುತ್ತಿದ್ದರಂತೆ. ಒಂದು ದಿನ ಅವರ ಮನೆಗೆ ಹೋದಾಗ, "ನಿನ್ದು ಒಂದೂ ಬಿಟ್ಟಿಲ್ಲ ಬೇಟಿ, ಹಸಿರು ಬಂತು, ಒತ್ತಿದೆ," ಎಂದು ಹೆಮ್ಮೆಯಿಂದ ಹೇಳಿದರು. ನನಗೆ ಅಳು ಬಂದಿತ್ತು. ಒಡಹುಟ್ಟಿದವನು ಮಾಡದ್ದನ್ನು ಆ ಹೆಂಗಸು ಮಾಡುತ್ತಿದ್ದರು.

ಡಿಸೆಂಬರಿನ ಮೊದಲ ಮಂಗಳವಾರ ಮಧ್ಯಾಹ್ನ ಶಬಾನಾ ಪಟ್ಟಿ ಓದಿ ಹೇಳಿದಳು. ಅಮೃತಹಳ್ಳಿಯಲ್ಲಿ ಮೂರು ಮನೆ, ಸಹಕಾರನಗರದಲ್ಲಿ ಎರಡು. ಮೇಷ್ಟ್ರ ಹೆಸರಿರಲಿಲ್ಲ. ನಾಳೆ ಮೊದಲ ಬುಧವಾರ ಅಲ್ಲವೇ ಎಂದು ನನಗೆ ಹೊಳೆಯಿತು. ಮಗಳ ಮನೆಗೆ ತುಮಕೂರಿಗೆ ಹೋಗಿರಬೇಕು ಅಂದುಕೊಂಡು ಸುಮ್ಮನಾದೆ. ಆದದ್ದೇನೆಂದರೆ, ಮೇಷ್ಟ್ರ ಮಗ ಮರೆತಿದ್ದವನು ಸಂಜೆ ನಾಲ್ಕಕ್ಕೆ ನೆನಪಾಗಿ ಆ್ಯಪಿನಲ್ಲಿ ಬೆಳಗ್ಗೆ ಆರು ಎಂದು ಹಾಕಿದ್ದ. ರಿಂಗಾಯಿತು, ಅಮ್ಮಿ ಹಸಿರು ಒತ್ತಿದರು. ಸಂಜೆ ಅದನ್ನು ನೋಡಿ ನನಗೆ ಹೇಳಬೇಕಿದ್ದ ಶಬಾನಾ ಅಷ್ಟು ಹೊತ್ತಿಗೆ ನೂರಾಮೂರು ಡಿಗ್ರಿ ಜ್ವರದಲ್ಲಿ ಮಲಗಿದ್ದಳು, ಕರೆ ಬಾರದ್ದರಿಂದ ಹೊಸದೇನೂ ಇಲ್ಲವೆಂದೇ ನಾನು ತಿಳಿದೆ.

ಬುಧವಾರ ಬೆಳಗ್ಗೆ ನಾನು ಅಮೃತಹಳ್ಳಿಯ ಮೊದಲ ಮನೆ ತಲುಪಿ ಮಿಸ್ಡ್ ಕಾಲ್ ಕೊಟ್ಟೆ. ಅಮ್ಮಿಯ ಎದುರಿದ್ದ ಫೋನಿನಲ್ಲಿ, ಎಲ್ಲರಿಗಿಂತ ಮುಂಚಿನ ಹೊತ್ತಿನದೆಂದು, ಮೇಲೆ ಇದ್ದದ್ದು ಮೇಷ್ಟ್ರ ಹೆಸರು. ಅಮ್ಮಿ ಹಸಿರು ಒತ್ತಿದರು, ಪದ್ಮಾ ನಿಮ್ಮ ಮನೆ ತಲುಪಿದ್ದಾರೆ ಎಂದು ಮೇಷ್ಟ್ರ ಮಗನ ಫೋನಿಗೆ ಹೋಯಿತು. ಎರಡನೇ ಮಿಸ್ಡ್ ಕಾಲಿಗೆ ಮತ್ತೆ ಒತ್ತಿದರು, ರಕ್ತ ತೆಗೆದದ್ದಾಯಿತು ಎಂದು ಹೋಯಿತು. ಅವನು, ಅವನ ಹೆಂಡತಿ ಬೆಳಗಿನ ಪಾಳಿಗೆಂದು ಆಗಲೇ ಆಫೀಸಿನ ದಾರಿಯಲ್ಲಿದ್ದರು. ಮೆಸೇಜು ನೋಡಿ ನಿಶ್ಚಿಂತರಾದರು. ಇಲ್ಲಿ ಜಗಲಿಯಲ್ಲಿ ಮೇಷ್ಟ್ರು ತೋಳು ಮಡಿಸಿಕೊಂಡು ಕೂತೇ ಇದ್ದರು. ಸ್ಕೂಟರಿನಲ್ಲಿರುವಾಗ ಕರೆ ಮಾಡಬೇಡಿ ಎಂದು ನಾನೇ ಎಲ್ಲರಿಗೂ ಹೇಳಿದ್ದೆ, ಅವರು ಮಾಡಲಿಲ್ಲ. ಒಂಬತ್ತಕ್ಕೆ ಅವರ ಹೆಂಡತಿ ಲ್ಯಾಬಿಗೆ ಕರೆ ಮಾಡಿದರೆ, ನಿಮ್ಮದು ಆಗಿದೆಯಲ್ಲ, ಸಂಜೆ ರಿಪೋರ್ಟ್ ಬರುತ್ತದೆ ಎಂದು ಇಟ್ಟುಬಿಟ್ಟರಂತೆ. ಆಕೆ ತಿಂಡಿ ತಿನ್ನಿ ಎಂದು ಗೋಗರೆದರು. ತಿಂದರೆ ಟೆಸ್ಟ್ ಕೆಡುತ್ತೆ, ಪದ್ಮಾ ಬಂದೇ ಬರುತ್ತಾಳೆ ಎಂದು ಮೇಷ್ಟ್ರು ಹಠ ಹಿಡಿದರು. ರಾತ್ರಿ ಇನ್ಸುಲಿನ್ ಚುಚ್ಚಿಕೊಂಡ ಮೈ. ಹತ್ತೂವರೆಗೆ ನೀರು ಕುಡಿಯಲೆಂದು ಎದ್ದವರು ಕಣ್ಣು ಕತ್ತಲಿಟ್ಟು ಮೆಟ್ಟಿಲ ಮೇಲೆ ಬಿದ್ದರು. ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು, ಎರಡು ದಿನ ಆಸ್ಪತ್ರೆಯಲ್ಲಿಟ್ಟರು.

ಲ್ಯಾಬಿನಲ್ಲಿ ಸೂಪರ್‌ವೈಸರ್ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದ. ಒಪ್ಪಿಕೊಂಡದ್ದು, ತಲುಪಿದ್ದು, ರಕ್ತ ತೆಗೆದದ್ದು, ಎಲ್ಲ ನನ್ನ ಹೆಸರಿನಲ್ಲಿ. ರಕ್ತ ಎಲ್ಲಿ ಮೇಡಂ ಎಂದು ಕೇಳಿದ. ಅಮ್ಮಿಯ ವಿಷಯ ಹೇಳಿದರೆ ಶಬಾನಾಳ ಕೆಲಸವೂ ಹೋಗುತ್ತಿತ್ತು, ಅವಳಿನ್ನೂ ಜ್ವರದಲ್ಲಿದ್ದಳು. ತಪ್ಪಾಯಿತು ಅಂದೆ. ಹೋಗದ ಮನೆಗೆ ಹೋದೆನೆಂದು ಸುಳ್ಳು ಒತ್ತಿದವಳು ಎಂದು ಕಾಗದದಲ್ಲಿ ಬರೆದು ಸಹಿ ಹಾಕಿಸಿಕೊಂಡರು. ಸೂಪರ್‌ವೈಸರ್ ಆಗಲೂ ನಗುತ್ತಲೇ ಇದ್ದ. ಅವನ ಮುಖಕ್ಕೆ ಐಸ್ ಡಬ್ಬಿ ಸುರಿಯಬೇಕೆನ್ನಿಸಿತು. ಸುರಿಯಲಿಲ್ಲ, ಅದನ್ನು ತೊಳೆದು ಒರೆಸಿ ಮೇಜಿನ ಮೇಲಿಟ್ಟು ಬಂದೆ.

ಅಲ್ಲಿಂದ ನೆಟ್ಟಗೆ ಅಣ್ಣನ ಅಂಗಡಿಗೆ ಹೋದೆ. ಗಿರಾಕಿಗಳಿದ್ದರು, ನಾನು ನೋಡಲಿಲ್ಲ. ಗಾಜಿನ ಕೌಂಟರಿನ ಮೇಲೆ ಫೋನಿಟ್ಟು, ಇದರಲ್ಲಿ ಏನೂ ಬರುವುದಿಲ್ಲ ಎಂದು ನಿನಗೆ ಗೊತ್ತಿತ್ತೋ ಇಲ್ಲವೋ ಎಂದು ಕೇಳಿದೆ. ಅವನು ನನ್ನನ್ನು ಹಿಂದಿನ ಗೋಡೌನಿಗೆ ಕರೆದುಕೊಂಡು ಹೋದ. ಅಲ್ಲಿ ಅದೇ ಫೋನಿನ ಡಬ್ಬಿಗಳ ಅಟ್ಟಿ ಇನ್ನೂ ಸೊಂಟದೆತ್ತರಕ್ಕಿತ್ತು. ಇವನ್ನು ಖಾಲಿ ಮಾಡದಿದ್ದರೆ ಇನ್‌ಚಾರ್ಜ್ ಕೆಲಸದಿಂದ ತೆಗೆಯುತ್ತೇವೆಂದು ಮಾಲೀಕ ಹೇಳಿದ್ದನಂತೆ. ಹಾಗಿದ್ದರೆ ಊರವರಿಗೆ ಮಾರಬೇಕಿತ್ತು, ಒಡಹುಟ್ಟಿದವರೇ ಬೇಕಿತ್ತಾ ಎಂದೆ. ಅವನು ಡಬ್ಬಿಗಳನ್ನೇ ನೋಡುತ್ತಿದ್ದ.

"ಗಿರಾಕಿಗೆ ಕೊಟ್ರೆ ಮೂರನೇ ದಿನಕ್ಕೆ ವಾಪಸ್ ತಂದು ಜಗಳ ಆಡ್ತಾರೆ ಕಣೇ," ಅಂದ. "ನೀವು ತರಲ್ಲ ಅಂತ ಗೊತ್ತಿತ್ತು."

ನನ್ನ ಜನ್ಮದಲ್ಲಿ ಅಷ್ಟು ಸಿಟ್ಟು ನನಗೆ ಯಾವತ್ತೂ ಬಂದಿಲ್ಲ. ನಮ್ಮ ಮರ್ಯಾದೆಯನ್ನು, ಅವನ ಎದುರು ಬಾಯಿ ಮುಚ್ಚಿಕೊಂಡಿದ್ದುದನ್ನು ಅವನು ಮೊದಲೇ ಎಣಿಸಿಟ್ಟುಕೊಂಡಿದ್ದ. ಹೊಸ ಆಂಡ್ರಾಯ್ಡ್ ಒಂದನ್ನು ತೆಗೆದು ನನ್ನ ಕೈಗಿಡಲು ಬಂದ. ಅದನ್ನು ಅವನ ಡಬ್ಬಿಗಳ ಮೇಲೇ ಇಟ್ಟು ಹೊರಟೆ. ಅವನೊಂದಿಗೆ ಈಗಲೂ ಬೇಕಾದಷ್ಟೇ ಮಾತು. ಹಬ್ಬಕ್ಕೆ ಬರುತ್ತಾನೆ, ಊಟ ಬಡಿಸುತ್ತೇನೆ, ಎದುರು ಕೂರುವುದಿಲ್ಲ.

ಮೇಷ್ಟ್ರ ಮನೆಗೆ ಹೋಗಲು ಹತ್ತು ದಿನ ಬೇಕಾಯಿತು. ಕೆಲಸ ಹೋದದ್ದಕ್ಕಿಂತ, ಪದ್ಮಾ ಸುಳ್ಳು ಒತ್ತಿದಳು ಎಂದು ಅವರು ತಿಳಿದುಕೊಂಡಿರುವುದು ನನ್ನನ್ನು ಹೆಚ್ಚು ತಿನ್ನುತ್ತಿತ್ತು. ಬಿಸಿಲೇರಿದ ಹೊತ್ತು, ಅವರು ಜಗಲಿಯಲ್ಲೇ ಇದ್ದರು. ಬಲಗೈಗೆ ಪ್ಲಾಸ್ಟರ್, ಮುಖ ಇಳಿದುಹೋಗಿತ್ತು. ಕೂತುಕೋ ಅನ್ನಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ. ಬಾಗಿನದ ಫೋನು, ಅದರಲ್ಲಿ ಬರದ ಆ್ಯಪು, ಅಮ್ಮಿ, ಮಿಸ್ಡ್ ಕಾಲು, ಶಬಾನಾಳ ಜ್ವರ, ಅಣ್ಣ ಗೋಡೌನಿನಲ್ಲಿ ಆಡಿದ ಮಾತು. ಹೇಳುತ್ತ ಹೇಳುತ್ತ ನನ್ನ ದನಿ ಏರಿತ್ತು. ತಡವಾಗಿ ಬಂದ ಮಕ್ಕಳು ಹೇಳುವ ಕಾರಣ ಕೇಳುವವರ ಹಾಗೆ ಅವರು ನಡುವೆ ಬಾಯಿ ಹಾಕದೆ ಕೊನೆಯವರೆಗೂ ಕೇಳಿದರು.

"ಆಯ್ತು. ಆ ಆ್ಯಪು ನಿನ್ನ ಫೋನಲ್ಲಿ ಇರ್ಲಿಲ್ಲ, ಒಪ್ಕೊಂಡೆ," ಅಂದರು. "ನನ್ನ ನಂಬರ್ ಇತ್ತಲ್ಲಮ್ಮ."

ಚೀಟಿಯ ಕಾಲದಲ್ಲಿ, ಪಟ್ಟಿಯಲ್ಲಿ ಅವರ ಹೆಸರಿರಲಿ ಬಿಡಲಿ, ತಿಂಗಳ ಮೊದಲ ಮಂಗಳವಾರ ಸಂಜೆ ನಾನು ಅವರಿಗೆ ಕರೆ ಮಾಡುತ್ತಿದ್ದೆ. ಮೇಷ್ಟ್ರೇ, ನಾಳೆ ಬರಲಾ, ರಾತ್ರಿ ಎಂಟರ ಮೇಲೆ ಏನೂ ತಿನ್ನಬೇಡಿ ಎನ್ನುತ್ತಿದ್ದೆ. ಆ ಕರೆ ಬಿಡು ಎಂದು ಲ್ಯಾಬಿನವರು ಹೇಳಿರಲಿಲ್ಲ. ಮೆಸೇಜು ತಾನೇ ಹೋಗುತ್ತದಲ್ಲ, ನನಗೇಕೆ ಬಾಯಿ ನೋವು ಎಂದು ಆ್ಯಪು ಬಂದ ವಾರವೇ ನಾನಾಗಿ ಬಿಟ್ಟಿದ್ದೆ. ಆ ಮಂಗಳವಾರ ಅವರ ಹೆಸರಿಲ್ಲವಲ್ಲ ಎಂದು ಹೊಳೆದಾಗಲೂ ಫೋನು ನನ್ನ ಕೈಯಲ್ಲೇ ಇತ್ತು.

ಇತ್ತು ಮೇಷ್ಟ್ರೇ, ಅಂದೆ. ಅವರು ಪ್ಲಾಸ್ಟರ್ ಹಾಕಿದ ಕೈಯನ್ನು ಮಡಿಲಲ್ಲಿ ಸರಿಮಾಡಿಕೊಂಡು, ಗೇಟು ಹಾಕ್ಕೊಂಡು ಹೋಗು ಅಂದರು.